ಎರಡು ಕೊಂಬಿನ ರೌಟರ್

ಬಸವಕಲ್ಯಾಣದ ಲಾಲಪ್ಪನ ಮನೆಯ ವೈಫೈಗೆ ಎಂಥ ಕಸುವಿತ್ತೆಂದರೆ, ಒಮ್ಮೆ ಕೋಟೆಯ ಕಡೆಯಿಂದ ಹಾರಿ ಬಂದ ಗಿಳಿಯೊಂದು ಅದರ ಅಲೆಗೆ ಸಿಕ್ಕಿ, ರೆಕ್ಕೆ ಬಡಿಯುವ ಕೆಲಸವೇ ಇಲ್ಲದೆ ಸೀದಾ ಹುಮನಾಬಾದಿನ ಬಸ್ ಸ್ಟ್ಯಾಂಡಿಗೆ ಹೋಗಿ ಇಳಿಯಿತು. ಸುಮ್ಮನೆ ಇಳಿಯಲಿಲ್ಲ. ಬಸ್ಸಿಗೆ ಕಾಯುತ್ತಿದ್ದ ಜನಕ್ಕೆ ಅಂದಿನ ತೊಗರಿ ಧಾರಣೆಯನ್ನು ಕಲಬುರಗಿ, ಬೀದರ, ಲಾತೂರು ಎಂದು ಊರುವಾರು ಒಪ್ಪಿಸಿ, ನೀರು ಕುಡಿದು, ಮತ್ತೆ ಅದೇ ಅಲೆ ಹಿಡಿದು ವಾಪಸು ಬಂತು. ಈ ಗಿಳಿಯನ್ನು ಕಣ್ಣಾರೆ ಕಂಡವನು ಲಾಲಪ್ಪ ಒಬ್ಬನೇ. ಅವನು ಹೇಳಿದ್ದಕ್ಕಿಂತ ಇಲ್ಲಿ ಸ್ವಲ್ಪ ಕಡಿಮೆ ಮಾಡಿಯೇ ಬರೆದಿದೆ.

ಲಾಲಪ್ಪ ಒಂದು ಹೈಸ್ಕೂಲಿನ ಜವಾನ. ಗಂಟೆ ಹೊಡೆಯುವುದು ಅವನ ಕೆಲಸ. ಅವನು ಸಂಜೆಯ ಗಂಟೆ ಹೊಡೆದರೆ ಮೋರಖಂಡಿಯ ಹೊಲಗಳಲ್ಲಿ ಎತ್ತುಗಳು ತಾವಾಗಿಯೇ ನೊಗ ಇಳಿಸಿಕೊಂಡು ಮನೆಯ ದಾರಿ ಹಿಡಿಯುತ್ತವೆಂಬುದು ಅವನದೇ ಮಾತು. ಕಂಠವೂ ಗಂಟೆಯ ಜೊತೆ ಹುಟ್ಟಿದ್ದು. ಅವನು ಪಿಸುಗುಟ್ಟಿದರೆ ಎರಡು ಓಣಿ ದಾಟಿ ಕೇಳುತ್ತಿತ್ತು. ಆದರೆ ಅವನ ಸುಳ್ಳಿನಿಂದ ಯಾರ ಮನೆಯೂ ಮುಳುಗಿರಲಿಲ್ಲ. ಚಳಿಗಾಲದಲ್ಲಿ ಗಿಡ್ಡ ಕೌದಿ ಹೊದ್ದವನು ಅದನ್ನು ಕಾಲಿನ ತನಕ ಎಳೆದುಕೊಳ್ಳುವುದಿಲ್ಲವೇ, ಹಾಗೆ ಲಾಲಪ್ಪ ಇದ್ದುದನ್ನು ಕೊಂಚ ಎಳೆಯುತ್ತಿದ್ದ. ಎಳೆದಾಗ ಕಾಲು ಮುಚ್ಚುತ್ತಿತ್ತು, ಹೆಗಲು ತೆರೆದುಕೊಳ್ಳುತ್ತಿತ್ತು. ಹೆಗಲು ಮುಚ್ಚಲು ಇನ್ನೊಂದು ಸುಳ್ಳು ಬೇಕಾಗುತ್ತಿತ್ತು.

ಆ ಓಣಿಗೆ ಮೊಟ್ಟಮೊದಲು ವೈಫೈ ತರಿಸಿದವನು ಮಾತ್ರ ಅವನೇ, ಅದರಲ್ಲಿ ಎರಡು ಮಾತಿಲ್ಲ. ಕೇಬಲ್ಲಿನವನು ಕಂಬದಿಂದ ತಂತಿ ಎಳೆದು ತಂದು, ಡಬ್ಬಿಯನ್ನು ಒಳಕೋಣೆಯಲ್ಲಿ ಕೂರಿಸೋಣವೆಂದು ಗೋಡೆ ಕೊರೆಯಲು ನಿಂತ. ನಿಜಾಮನ ಕಾಲದ ಕಲ್ಲುಗೋಡೆ. ಅದರ ದಪ್ಪದೊಳಗೆ ಒಂದು ಆಕಳು ಅಡ್ಡ ನಿಂತು, ತಿರುಗಿ, ಕರುವಿಗೆ ಹಾಲೂ ಕುಡಿಸಬಹುದು. ಬೆಳಿಗ್ಗೆ ನುಣ್ಣಗೆ ಗಡ್ಡ ಬೋಳಿಸಿಕೊಂಡು ಬಂದಿದ್ದ ಹುಡುಗ ಮೂರು ಬೈರಿಗೆ ಸವೆಸಿ, ಗಡ್ಡ ಬೆಳೆಸಿಕೊಂಡು ಹಿಂದಿರುಗಿದ. ಗೋಡೆಗೆ ಒಂದು ಗೂಡು ಬಿದ್ದಿತ್ತು ಅಷ್ಟೆ. ಲಾಲಪ್ಪನ ಹೆಂಡತಿ ಮೀರಾಬಾಯಿ ಅದರಲ್ಲಿ ಕಡ್ಡಿಪೆಟ್ಟಿಗೆ ಇಟ್ಟಳು.

ಕೊನೆಗೆ ತಂತಿ ಪಡಸಾಲೆಯ ಕಿಟಕಿಯಲ್ಲಿ ತೂರಿ ಬಂತು, ರೌಟರು ಕಿಟಕಿಯ ಕಟ್ಟೆಯ ಮೇಲೆಯೇ ಕುಳಿತಿತು. ಇನ್ನೊಂದಿಷ್ಟು ತಂತಿ ಹಾಕಿಸಿದ್ದರೆ ಬಾಗಿಲ ಮೂಲಕ ಒಳಗೆ ಒಯ್ಯಬಹುದಿತ್ತು. ಹೆಂಡತಿ ಹೇಳಿಯೂ ಹೇಳಿದಳು. ಆದರೆ ಒಳಗೆ ಇಟ್ಟರೆ ಕಂಡವರು ಯಾರು? ಕತ್ತಲಾದ ಮೇಲೆ ಓಣಿಯಲ್ಲಿ ಹಾದುಹೋಗುವವರಿಗೆ ಆ ಹಸಿರು ದೀಪ ಮಿಣಮಿಣ ಎನ್ನುವುದು ಕಾಣಬೇಡವೇ? ಹೀಗೆ ರೌಟರಿನ ಬೆನ್ನು ಮನೆಗೂ ಮುಖ ಓಣಿಗೂ ಆಯಿತು. ಅದಕ್ಕೆ ಲಾಲಪ್ಪ ಇಟ್ಟ ಹೆಸರು ‘ಲಾಲಪ್ಪ ಮಹಲ್’.

ಅದಾಗಿ ಸ್ವಲ್ಪ ದಿನಕ್ಕೆ ಓಣಿಯವರ ಕೈಯಲ್ಲೆಲ್ಲ ಫೋನು ಹಾಡತೊಡಗಿತು. ಎದುರು ಮನೆಯ ಖಮರುದ್ದೀನ್ ದರ್ಜಿ. ಅವನು ಹೊಲಿಗೆಯ ಮಶೀನಿನ ಮೇಲೆ ದಾರದ ಉಂಡೆಗೆ ಫೋನು ಒರಗಿಸಿ, ಕುಸ್ತಿ ನೋಡುತ್ತ ಕುಪ್ಪಸ ಹೊಲಿಯುತ್ತಿದ್ದ. ಪಕ್ಕದ ಮನೆಯ ಯಶೋದಾಬಾಯಿಗೆ ಎಪ್ಪತ್ತು ದಾಟಿತ್ತು. ಅವಳು ಮರಾಠಿ ಧಾರಾವಾಹಿಗಳ ಸೊಸೆಯಂದಿರಿಗೆ ಫೋನಿನ ಈಚೆಯಿಂದಲೇ ಬುದ್ಧಿ ಹೇಳುತ್ತಿದ್ದಳು. ತನ್ನನ್ನು ನೋಡಿ ಓಣಿ ಸುಧಾರಿಸಿತೆಂದು ಲಾಲಪ್ಪನಿಗೆ ಹೆಮ್ಮೆ. ಆದರೆ ಅವನ ಸ್ವಂತ ಮನೆಯ ನೆಟ್ಟು ಮಾತ್ರ ದಿನ ಕಳೆದಂತೆ ಕೆಸರಿನಲ್ಲಿ ಮಲಗಿದ ಎಮ್ಮೆಯಾಯಿತು. ಹೊಡೆದರೆ ಕಿವಿ ಅಲ್ಲಾಡಿಸುವುದು, ಏಳುವುದಿಲ್ಲ.

ಇಷ್ಟರ ತನಕ ನಗುವ ಮಾತು. ಹೋದ ವಾರ ನಗು ನಿಂತಿತು.

ಲಾಲಪ್ಪನ ಒಬ್ಬಳೇ ಮಗಳು ವಿಶಾಖಾ ಸಸ್ಯಶಾಸ್ತ್ರ ಓದಿದವಳು. ಒಂದು ಬೀಜ ಪರೀಕ್ಷೆಯ ಪ್ರಯೋಗಾಲಯದವರು ಅವಳನ್ನು ಕೆಲಸಕ್ಕೆ ನೋಡುವುದಾಗಿ ಹೇಳಿ, ಆನ್‌ಲೈನಿನಲ್ಲೇ ಸಂದರ್ಶನ ಇಟ್ಟುಕೊಂಡಿದ್ದರು. ಅವಳು ಒಳಕೋಣೆಯಲ್ಲಿ ಕುಳಿತು ಮೊದಲ ಪ್ರಶ್ನೆಗೆ ಬಾಯಿ ತೆರೆದಳು; ಅಲ್ಲಿಗೆ ನೆಟ್ಟು ನಿಂತಿತು. ಆ ಕಡೆಯ ಮೂವರು ಅಧಿಕಾರಿಗಳಿಗೆ ಬಹಳ ಹೊತ್ತು ಕಂಡದ್ದು ಆಕಳಿಸುತ್ತಿರುವ ಒಂದು ಹುಡುಗಿ. ಮಾರನೆಯ ದಿನ ಫೋನು ಮಾಡಿ, ಬರುವ ಗುರುವಾರ ಸಂಜೆ ಐದಕ್ಕೆ ಇನ್ನೊಂದು ಸಲ ನೋಡುತ್ತೇವೆ, ಆಗಲೂ ಹೀಗಾದರೆ ಹೆಸರು ಬಿಟ್ಟುಬಿಡುತ್ತೇವೆ ಎಂದರು.

ಆ ಗುರುವಾರವೇ ಇಂದು.

ಬೆಳಿಗ್ಗೆ ವಿಶಾಖಾ ಚಹಾ ಕುಡಿಯುತ್ತ, ತಾನು ಗೆಳತಿಯ ಮನೆಗೆ ಹೋಗಿ ಕೂರುತ್ತೇನೆಂದು ಮೆಲ್ಲಗೆ ಹೇಳಿದಳು. ಲಾಲಪ್ಪನ ಚಹಾ ಬಸಿಯಲ್ಲೇ ತಣ್ಣಗಾಯಿತು.

"ಓಣಿಗೆ ನೆಟ್ ತಂದಾಂವ ನಾನು. ನನ್ನ ಮಗಳು ಮಂದಿ ಮನ್ಯಾಗ ಕುಂತು ಮಂದಿ ನೆಟ್ಟಿನ್ಯಾಗ ಮಾರಿ ತೋರಸ್ತಾಳ? ನಮ್ಮ ಇಜ್ಜತ್ ಏನಾಗಬೇಕು, ತಾಯಿ?"

"ಇಜ್ಜತ್ ನೌಕರಿ ಕೊಡ್ತದೇನಪ್ಪಾ?" ಎಂದಳು ವಿಶಾಖಾ.

ಲಾಲಪ್ಪ ಶಾಲೆಗೆ ಒಂದು ದಿನದ ರಜೆ ಹೇಳಿ ಅಂಗಿ ತೊಟ್ಟುಕೊಂಡ. ತಪ್ಪು ಡಬ್ಬಿಯದು, ಮುದಿಯಾಗಿದೆ. ಇಂದೇ ಹೊಸ ರೌಟರು ತರುತ್ತೇನೆ, ಹುಮನಾಬಾದಿನಲ್ಲಿ ತನ್ನ ಪರಮ ಸ್ನೇಹಿತನ ಅಂಗಡಿಯೇ ಇದೆ, ಅರ್ಧ ಬೆಲೆಗೆ ಕೊಡುತ್ತಾನೆ ಎಂದು ಸಾರಿದ. ಆ ಸ್ನೇಹಿತನನ್ನು ಅವನು ಇಲ್ಲಿಯವರೆಗೆ ನೋಡಿರಲಿಲ್ಲ. ಅಂಗಡಿಯ ಬೋರ್ಡನ್ನು ಒಮ್ಮೆ ಬಸ್ಸಿನಿಂದ ಓದಿದ್ದ.

ಹೊರಗೆ ಬಂದರೆ ಬಾಗಿಲಲ್ಲಿ ಯಶೋದಾಬಾಯಿ ಬಟ್ಟಲು ಹಿಡಿದು ನಿಂತಿದ್ದಳು. ಮೊಸರಿಗೆ ಹೆಪ್ಪು ಬೇಕಾಗಿತ್ತು. ಆ ಓಣಿಯಲ್ಲಿ ಯಾರ ಮನೆಗೆ ಯಾರು ಬಂದು ಹೆಪ್ಪು ಕೇಳಿದರೂ ಇಲ್ಲ ಎನ್ನುವ ಪದ್ಧತಿಯಿಲ್ಲ. ದೀಪ ಹಚ್ಚಿದ ಮೇಲೆ ಮಾತ್ರ ಕೊಡುವುದಿಲ್ಲ. ಮೀರಾಬಾಯಿ ಒಂದು ಚಮಚ ಹಾಕಿ ಕಳಿಸಿದಳು. ಲಾಲಪ್ಪ ದಿನಾ ಇದೇನೆಂದು ಗೊಣಗಿದಾಗ ಅವಳು ಯಾವಾಗಲೂ ಹೇಳುವುದನ್ನೇ ಹೇಳಿದಳು: "ಒಂದು ಚಮಚ ಕೊಟ್ರ ನಮ್ಮ ಗಡಿಗಿ ಏನ್ ಖಾಲಿ ಆಗ್ತದ್ರಿ?"

ಎದುರು ಮನೆಯಲ್ಲಿ ಖಮರುದ್ದೀನನ ಮಶೀನು ಓಡುತ್ತಿತ್ತು, ಫೋನಿನಲ್ಲಿ ಯಾರೋ ಯಾರನ್ನೋ ಎತ್ತಿ ಒಗೆಯುತ್ತಿದ್ದರು. ಎಂಥ ಸರಾಗ, ಒಂದು ಕಡೆಯೂ ನಿಲ್ಲಲಿಲ್ಲ. ಲಾಲಪ್ಪ ಹೊಟ್ಟೆಕಿಚ್ಚನ್ನು ನುಂಗಿಕೊಂಡು, ನಿಮ್ಮ ರೌಟರು ಯಾವ ಕಂಪನಿಯದು ಭಾಯ್ ಎಂದು ಕೇಳಿದ. ಖಮರುದ್ದೀನನಿಗೆ ಕೆಮ್ಮು ಬಂತು. ಕಂಪನಿಯ ಹೆಸರು ತನ್ನ ಹೆಂಡತಿ ಸರ್ವರಿಗೆ ಗೊತ್ತು ಎಂದ. ಪರದೆಯ ಆಚೆಯಿಂದ ಸರ್ವರಿ, ಅವರಿಗೇ ಗೊತ್ತು ಎಂದಳು. ಒಳ್ಳೆಯದನ್ನು ಹೇಳಿಬಿಟ್ಟರೆ ಪಕ್ಕದವನೂ ಅದನ್ನೇ ತರುತ್ತಾನೆಂದು ಮುಚ್ಚಿಡುತ್ತಿದ್ದಾರೆ ಎಂದುಕೊಂಡ ಲಾಲಪ್ಪ. ಆದರೂ ಖಮರುದ್ದೀನ್ ಸಲಹೆ ಕೊಡದೆ ಬಿಡಲಿಲ್ಲ: ಡಬ್ಬಿಗೆ ಕೊಂಬು ಎಷ್ಟಿವೆ ಎಂದು ನೋಡಬೇಕು, ಹೆಚ್ಚು ಕೊಂಬಿದ್ದಷ್ಟೂ ದೂರ ಹಾಯುತ್ತದೆ. ಹೆಪ್ಪಿನ ಬಟ್ಟಲು ಹಿಡಿದು ನಿಂತಿದ್ದ ಯಶೋದಾಬಾಯಿ, ಕೊಂಬು ಹೆಚ್ಚಾದರೆ ಹಾಲು ಕಡಿಮೆ, ಎರಡೇ ಸಾಕು ಎಂದಳು. ಇಬ್ಬರೂ ಅವನನ್ನು ಹರಸಿ, ಗಟ್ಟಿಮುಟ್ಟಾದದ್ದನ್ನೇ ತರಬೇಕೆಂದು ಬಹಳ ಕಾಳಜಿಯಿಂದ ಹೇಳಿ ಕಳಿಸಿದರು. ಅಷ್ಟು ಕಾಳಜಿ ಯಾಕೆಂದು ಅವನಿಗೆ ಆಗ ಹೊಳೆಯಲಿಲ್ಲ.

ಹುಮನಾಬಾದಿನ ಅಂಗಡಿಯಲ್ಲಿ ಸಲಾವುದ್ದೀನ್ ಸೇಠ್ ಗಲ್ಲೆಯ ಮೇಲೆ ಕುಳಿತಿದ್ದ. ಪರಮ ಸ್ನೇಹಿತ ಬಂದಾಗ ಅವನು ತಲೆ ಎತ್ತಿ, ಯಾವ ಊರೆಂದು ವಿಚಾರಿಸಿದ. ಆಮೇಲೆ ಮನೆ ಎಷ್ಟು ದೊಡ್ಡದು ಎಂದು ಕೇಳಿದ.

"ಹದಿನೆಂಟು ಅಂಕಣ" ಎಂದ ಲಾಲಪ್ಪ. ಬಾಯಿ ತೆರೆದರೆ ಮಾತು ತಾನಾಗಿ ಹಿಗ್ಗುವುದು ಅವನ ರೂಢಿ.

ಸೇಠ್ ಏಣಿ ಹತ್ತಿ ಒಂದು ಪೆಟ್ಟಿಗೆ ಇಳಿಸಿದ. ಒಳಗೆ ಎಂಟು ಕೊಂಬಿನ ಕರಿ ರೌಟರು, ಮಗುಚಿ ಬಿದ್ದ ಚೇಳಿನ ಹಾಗೆ. ಇದನ್ನು ಹಚ್ಚಿದರೆ ಚಂದ್ರನ ಮೇಲಿನವರೂ ಪಾಸ್‌ವರ್ಡ್ ಕೇಳುತ್ತಾರೆಂದು ಸೇಠ್ ಹೇಳಿದ. ಲಾಲಪ್ಪನಿಗೆ ತನ್ನ ಜಾತಿಯ ಮಾತುಗಾರ ಸಿಕ್ಕನೆಂದು ಸಂತೋಷವಾಯಿತು. ಬೆಲೆ ಕೇಳಿದ ಮೇಲೆ ಸಂತೋಷ ಇಳಿಯಿತು. ಹದಿನೆಂಟು ಅಂದರೆ ಅಣ್ಣತಮ್ಮಂದಿರದ್ದು ಸೇರಿ, ತನ್ನ ಪಾಲಿಗೆ ಹತ್ತು ಎಂದ. ಆರು ಕೊಂಬಿನದು ಇಳಿಯಿತು. ಅದರ ಬೆಲೆಯನ್ನೂ ಕೇಳಿ, ಹತ್ತರಲ್ಲಿ ನಾಲ್ಕು ಹೋದ ಮಳೆಗಾಲದಲ್ಲಿ ಬಿದ್ದವು ಎಂದ. ನಾಲ್ಕು ಕೊಂಬಿನದು ಬಂತು. ಉಳಿದ ಆರರ ಪೈಕಿ ಎರಡರಲ್ಲಿ ದನ ಕಟ್ಟುತ್ತೇವೆ, ದನಕ್ಕೆ ನೆಟ್ಟು ಬೇಡ ಎಂದ. ಸೇಠ್ ಗಡ್ಡ ನೀವಿಕೊಂಡು ಅವನನ್ನೇ ನೋಡಿದ.

"ಇನ್ನ ಒಂದು ಕೊಂಬ ಇಳಿಸಿದ್ರ ನೀವು ಓಣ್ಯಾಗ ನಿಂದರ್ತೀರಿ ನೋಡ್ರಿ. ಖರೇ ಹೇಳ್ರಿ, ಮನಿ ಎಷ್ಟದ?"

"ಒಂದು ಪಡಸಾಲಿ, ಒಂದು ಖೋಲಿ, ಅಡಗಿಮನಿ" ಎಂದ ಲಾಲಪ್ಪ. ಈ ಸಲ ದನಿ ಅಂಗಡಿಯ ಹೊಸ್ತಿಲನ್ನೂ ದಾಟಲಿಲ್ಲ.

ಸೇಠ್ ನಗಲಿಲ್ಲ. ಏಣಿಯೂ ಬೇಕಾಗಲಿಲ್ಲ, ಗಲ್ಲೆಯ ಕೆಳಗಿನಿಂದ ಎರಡು ಕೊಂಬಿನ ಒಂದು ಬಿಳಿ ಡಬ್ಬಿ ತೆಗೆದ. ಬಡವರ ಕೈಗೆಟುಕುವಂಥದು, ಅಷ್ಟು ಮನೆಗೆ ಇಷ್ಟೇ ಸಾಕು, ಹೆಚ್ಚಿನದು ದಂಡ ಎಂದ. ಆಮೇಲೆ, ಎಲ್ಲಿ ಇಡುತ್ತೀರಿ ಎಂದು ಕೇಳಿದ.

ಮನೆಯ ವಿಷಯದಲ್ಲಿ ಅಷ್ಟು ನಿಜ ಹೇಳಿ ಲಾಲಪ್ಪನಿಗೆ ಬಳಲಿಕೆಯಾಗಿತ್ತು. ಸ್ವಲ್ಪ ವಿಶ್ರಾಂತಿ ಬೇಕಿತ್ತು.

"ಮನಿ ನಟ್ಟ ನಡುವ" ಎಂದುಬಿಟ್ಟ.

"ಹಂಗಾರ ಫಿಕರ್ ಇಲ್ಲ. ಖಿಡ್ಕ್ಯಾಗ ಇಡೋರದೇ ನನಗ ಫಿಕರ್. ಅವ್ರಿಗೆ ಎಂಥಾದು ಕೊಟ್ರೂ ಖೈರಾತ್, ಎಲ್ಲಾ ಓಣಿಗೇ ಹೋಗ್ತದ."

ಲಾಲಪ್ಪ ಡಬ್ಬಿಯನ್ನು ಕಂಕುಳಲ್ಲಿ ಅವುಚಿಕೊಂಡು ಬಸ್ಸು ಹತ್ತಿದ. ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಸೇಠನ ಮಾತು ನೆನಪಾಗಿ ಎದ್ದು ಒಳಗಿನ ಸೀಟಿಗೆ ಕುಳಿತ.

ಬಸ್ಸು ಹೆದ್ದಾರಿಯಲ್ಲಿ ಓಡುತ್ತಿದ್ದಾಗ ಅವನಿಗೆ ಒಂದು ವಿಚಾರ ಹತ್ತಿತು. ಹದಿನೆಂಟು ಅಂಕಣದಿಂದ ಒಂದೊಂದೇ ಕೆಡವುತ್ತ ಬಂದಾಗ ಪ್ರತಿ ಸಲ ಎದೆಯಲ್ಲಿ ಏನೋ ಕುಸಿದಿತ್ತು. ಆದರೆ ಕಡೆಗೆ ಉಳಿದ ಆ ಒಂದು ಖೋಲಿಯನ್ನು ಬಾಯಿಬಿಟ್ಟು ಹೇಳಿದಾಗ ಏನೂ ಆಗಲಿಲ್ಲ. ಹೊತ್ತ ಮೂಟೆಯನ್ನು ಯಾರೋ ಹಿಂದಿನಿಂದ ಎತ್ತಿದ ಹಾಗಾಯಿತು. ಆ ಖೋಲಿಯಲ್ಲೇ ವಿಶಾಖಾ ಹುಟ್ಟಿದ್ದು, ತೆವಳಿದ್ದು, ಬಾಗಿಲು ಹಾಕಿಕೊಂಡು ಪದವಿ ಓದಿದ್ದು. ಅದು ಚಿಕ್ಕದೆಂದು ಒಳಗಿದ್ದಾಗ ಅವನಿಗೆ ಒಮ್ಮೆಯೂ ಅನ್ನಿಸಿರಲಿಲ್ಲ. ಬೇರೆಯವರಿಗೆ ಹೇಳಲು ನಿಂತಾಗ ಮಾತ್ರ ಅದು ಸಾಲುತ್ತಿರಲಿಲ್ಲ. ಹಾಗಾದರೆ ಇಷ್ಟು ವರ್ಷ ತಾನು ಕಟ್ಟಿಸಿದ್ದೆಲ್ಲ ಬೇರೆಯವರ ಕಣ್ಣಿನೊಳಗೆ. ಅಲ್ಲಿ ಬಾಡಿಗೆ ಯಾರು ಕೊಡುತ್ತಾರೆ?

ಸಸ್ತಾಪುರ ಬಂಗ್ಲಾದ ಸ್ಟಾಪು ಬಂತು. ಪಕ್ಕದಲ್ಲಿದ್ದವನು ಡಬ್ಬಿಯಲ್ಲಿ ಏನೆಂದು ಕೇಳಿದ. ವಿಚಾರ ಅಲ್ಲಿಗೆ ಬಿಟ್ಟುಹೋಯಿತು. ಸರಕಾರ ಗುಪ್ತವಾಗಿ ಕಳಿಸಿದ ಯಂತ್ರವೆಂದು ಲಾಲಪ್ಪ ಹೇಳಿದ.

ಮನೆ ಮುಟ್ಟುವಾಗ ಮೂರು ದಾಟಿತ್ತು. ಓಣಿಯವರು ಹೆಣ್ಣು ನೋಡಲು ಬಂದವರಂತೆ ಡಬ್ಬಿ ಬಿಚ್ಚುವುದನ್ನು ನೋಡಿದರು. ಎರಡೇ ಕೊಂಬು ಕಂಡು ಖಮರುದ್ದೀನನ ಮುಖ ಸಣ್ಣದಾಯಿತು. ಲಾಲಪ್ಪ ಅವನ ಹೆಗಲು ತಟ್ಟಿ, "ಇನ್ನ ನಾಕು ಒಳಗ ಅದಾವ" ಎಂದ.

ಕೇಬಲ್ಲಿನ ಅದೇ ಹುಡುಗ ಬಂದು, ಹಳೆಯದನ್ನು ಕಿತ್ತು ಹೊಸದನ್ನು ಜೋಡಿಸಿದ. ಗೋಡೆಯ ಕಡೆ ಅವನು ತಿರುಗಿಯೂ ನೋಡಲಿಲ್ಲ. ಒಳಗೆ ಒಯ್ಯೋಣವೆಂದರೆ ತಂತಿ ಅಷ್ಟೇ ಇತ್ತು, ಅವನ ಹತ್ತಿರ ಬೇರೆ ತಂತಿ ಇರಲಿಲ್ಲ; ಅವನಿಗೆ ಇನ್ನೂ ಮುಡಬಿಗೆ ಹೋಗುವುದಿತ್ತು. ಡಬ್ಬಿ ಮತ್ತೆ ಅದೇ ಕಿಟಕಿಯ ಕಟ್ಟೆಯ ಮೇಲೆ, ಅದೇ ಓಣಿಗೆ ಮುಖ ಮಾಡಿ ಕುಳಿತಿತು. ಹೆಸರು ಮೊದಲಿನದೇ ಇರಲೆಂದು ಲಾಲಪ್ಪ ಹೇಳಿದ. ಕೊನೆಗೆ ಹುಡುಗ ಲಾಲಪ್ಪನ ಫೋನನ್ನು ಅವನ ಕೈಗೇ ಕೊಟ್ಟು, ಹೊಸ ಪಾಸ್‌ವರ್ಡ್ ನೀವೇ ಬರೆಯಿರಿ, ಯಾರಿಗೂ ಹೊಳೆಯಬಾರದು ನೋಡಿರಿ ಎಂದು ಆಚೆ ತಿರುಗಿ ನಿಂತ.

ಯಾರಿಗೂ ಹೊಳೆಯಬಾರದ್ದು. ಲಾಲಪ್ಪ ಬಹಳ ಹೊತ್ತು ಯೋಚಿಸಿದ. ಹುಟ್ಟಿದ ದಿನ ಎಲ್ಲರಿಗೂ ಗೊತ್ತು. ಅಂದು ಕೋಟೆಯ ತೋಪು ತಾನಾಗಿ ಹಾರಿತೆಂದು ಅವನೇ ಹೇಳಿಕೊಂಡಿದ್ದ. ‘ಲಾಲಪ್ಪ ರಾಜಾ’, ‘ಲಾಲಪ್ಪ ನಂಬರ್ ಒನ್’ ಇವನ್ನು ಓಣಿಯ ಕೂಸುಗಳೂ ಊಹಿಸಿಯಾವು. ಲಾಲಪ್ಪನ ಬಾಯಿಂದ ಇದು ಬಂದೀತೆಂದು ಈ ಭೂಮಿಯ ಮೇಲೆ ಒಬ್ಬರಿಗೂ ಕನಸಿನಲ್ಲೂ ಹೊಳೆಯಬಾರದು, ಅಂಥ ಮಾತು ಯಾವುದು? ಬಸ್ಸಿನಲ್ಲಿ ಅರ್ಧಕ್ಕೆ ಬಿಟ್ಟುಹೋದ ವಿಚಾರ ಮೆಲ್ಲಗೆ ವಾಪಸು ಬಂತು. ಅವನು ಸುತ್ತ ನೋಡಿದ. ಡಬ್ಬಿ ನೋಡಲು ಬಂದ ಓಣಿಯವರು ಆಗಲೇ ಮನೆಗೆ ಹೋಗಿದ್ದರು, ಯಾರೂ ನೋಡುತ್ತಿರಲಿಲ್ಲ. ತೋರುಬೆರಳಿನಿಂದ ಕೋಳಿ ಕಾಳು ಕುಕ್ಕಿದಂತೆ ಒಂದೊಂದೇ ಅಕ್ಷರ ಒತ್ತಿದ. ಒತ್ತಿ ಮುಗಿದ ಮೇಲೆ ಯಾಕೋ ಮೈ ಹಗುರಾಯಿತು, ಸ್ವಲ್ಪ ನಾಚಿಕೆಯೂ ಆಯಿತು. ವಿಶಾಖಾ ಒಳಗಿನಿಂದ ಬಂದು ಪಾಸ್‌ವರ್ಡ್ ಕೇಳಿದಳು. ಅವನು ಕಿವಿ ಕೆಂಪಗೆ ಮಾಡಿಕೊಂಡು, ಹೊತ್ತಿಗೆ ಸರಿಯಾಗಿ ತಾನೇ ಬಂದು ನಿನ್ನ ಫೋನಿನಲ್ಲಿ ಹಾಕಿಕೊಡುತ್ತೇನೆ ಎಂದ.

ಹೊಸ ಡಬ್ಬಿಯ ಹಸಿರು ದೀಪ ಹೊತ್ತಿತು. ಎದುರು ಮನೆಯಲ್ಲಿ ಮಾತ್ರ, ಹಳೆಯ ಡಬ್ಬಿ ಕಿತ್ತಾಗ ನಿಂತ ಕುಸ್ತಿ, ಎತ್ತಿದ ಪೈಲ್ವಾನನನ್ನು ಇಳಿಸದೆ ಹಾಗೆಯೇ ನಿಂತಿತ್ತು.

ಮೊದಲು ಖಮರುದ್ದೀನ್ ಬಂದ. ಕೊರಳಲ್ಲಿ ಅಳತೆಯ ಪಟ್ಟಿ, ಕೈಯಲ್ಲಿ ಫೋನು. ನಿಮ್ಮ ನೆಟ್ಟು ಬರುತ್ತಿದೆಯೇ ಎಂದು ಕೇಳಿ ಚಾಪೆಯ ಮೇಲೆ ಕುಳಿತ. ಅವನ ಹಿಂದೆ ಸರ್ವರಿ. ಆಮೇಲೆ ಯಶೋದಾಬಾಯಿ, ಧಾರಾವಾಹಿಯ ಅತ್ತೆ ಸೊಸೆಗೆ ವಿಷ ಕೊಡಲು ಲೋಟ ಎತ್ತಿದಲ್ಲಿಗೇ ನಿಂತಿದೆ, ಕುಡಿದಳೋ ಇಲ್ಲವೋ ತಿಳಿಯದೆ ಎದೆ ಹಾರುತ್ತಿದೆ ಎನ್ನುತ್ತ ಬಂದಳು. ಆ ತುದಿಯ ಮನೆಯವರು, ಈ ತುದಿಯ ಮನೆಯವರು. ನೋಡುನೋಡುತ್ತ ಪಡಸಾಲೆ ತುಂಬಿತು. ಬಂದವರಿಗೆ ಹೋಗಿ ಎನ್ನುವ ಪದ್ಧತಿಯೂ ಆ ಓಣಿಯಲ್ಲಿಲ್ಲ. ಮೀರಾಬಾಯಿ ದೊಡ್ಡ ಪಾತ್ರೆಯಲ್ಲಿ ಚಹಾಕ್ಕಿಟ್ಟಳು.

ಲಾಲಪ್ಪ ಉಬ್ಬಿ ಎರಡು ಲಾಲಪ್ಪ ಆದ. ಅಗ್ಗದ್ದು ತಂದರೆ ಹೀಗೇ, ನಿಮ್ಮ ನಿಮ್ಮ ಕಂಪನಿಗಳಿಗೆ ಫೋನು ಮಾಡಿರಿ ಎಂದ. ಯಾರೂ ಫೋನು ಮಾಡಲಿಲ್ಲ. ಎಲ್ಲರೂ ಮೇಲಿನ ಜಂತಿ ಎಣಿಸುತ್ತ ಕುಳಿತರು.

ವಿಶಾಖಾ ಅಡಿಗೆಮನೆಯ ಬಾಗಿಲಿಗೆ ಒರಗಿ ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದಳು. ಮೊಳಕೆ ಬರುವ ಬೀಜ ಯಾವುದು, ಜೊಳ್ಳು ಯಾವುದು ಎಂದು ನೋಡಿ ಹೇಳಲು ಕಲಿತ ಕಣ್ಣು.

"ಚಾಚಾ, ನಿಮ್ಮ ಫೋನಿನ್ಯಾಗ ವೈಫೈ ಹೆಸರು ಏನು ಬರ್ತದ, ಜರಾ ತೋರಸ್ರಿ."

ಖಮರುದ್ದೀನ್ ಫೋನನ್ನು ಅಳತೆಯ ಪಟ್ಟಿಯಲ್ಲಿ ಸುತ್ತತೊಡಗಿದ. ಯಶೋದಾಬಾಯಿಗೆ ಅಂಥ ನಾಚಿಕೆ ಇರಲಿಲ್ಲ. ತನ್ನ ಫೋನನ್ನು ಚಾಚಿದಳು. ಲಾಲಪ್ಪ ಇಣುಕಿದ. ‘ಲಾಲಪ್ಪ ಮಹಲ್’. ಪಕ್ಕದವರದನ್ನು ಇಣುಕಿದ. ಅಲ್ಲಿಯೂ ಅದೇ. ಅವನು ಬರೀ ಮಾತಿನಲ್ಲಿ ಕಟ್ಟಿದ ಮಹಲಿನೊಳಗೆ ಇಡೀ ಓಣಿ ಮೂರು ವರ್ಷದಿಂದ ಸಂಸಾರ ಹೂಡಿತ್ತು.

ಒಳಗೆ ಚಹಾ ಕುದಿಯುವ ಸದ್ದು ಕೇಳಿಸಿತು. ಅದನ್ನು ಸೋಸುತ್ತಲೇ ಮೀರಾಬಾಯಿ ಹೇಳಿದಳು:

"ಪಾಸ್‌ವರ್ಡ್ ನಾನೇ ಕೊಟ್ಟೀನ್ರಿ. ಮೊದಲ ಸರ್ವರಿ ಕೇಳಿದಳು, ಕೊಟ್ಟೆ. ಆಮ್ಯಾಲ ಯಶೋದಾ ಆಯಿ ಕೇಳಿದಳು. ಹೆಪ್ಪು ಇದ್ದಂಗ ಅಂತ ತಿಳ್ಕೊಂಡೆ. ಕೊಟ್ರ ಗಡಿಗಿ ಖಾಲಿ ಆಗ್ತದೇನು?"

"ಗಡಿಗಿ ಖಾಲಿ ಆತಲ್ಲ" ಎಂದ ಲಾಲಪ್ಪ. "ನನ್ನ ಮಗಳು ಆಕಳಿಸಿದಂಗ ಕುಂತಳಲ್ಲ, ಮೂರು ಮಂದಿ ಸಾಹೇಬ್ರ ಮುಂದ."

ಸರ್ವರಿ ಸೆರಗು ಮುಖಕ್ಕೆ ಒತ್ತಿಕೊಂಡಳು. ಮೀರಾಬಾಯಿಯ ಕೈಯ ಸೋಸುವ ಬಟ್ಟೆ ಅಲ್ಲೇ ನಿಂತಿತು. ಅವಳಿಗೂ ಇದು ಈಗಷ್ಟೇ ಹೊಳೆದಿತ್ತು. ಲಾಲಪ್ಪ ಎದ್ದು ನಿಂತು, ಗಂಟೆ ಹೊಡೆದ ಹಾಗೆ ಘೋಷಿಸಿದ: ಇನ್ನು ಮೇಲೆ ಈ ಮನೆಯ ಪಾಸ್‌ವರ್ಡ್ ತನ್ನ ಹೊಟ್ಟೆಯಲ್ಲಿ. ಪ್ರಾಣ ಹೋದರೂ ಅದು ಬಾಯಿಗೆ ಬರುವುದಿಲ್ಲ. ಹೆಂಡತಿಗೂ ಇಲ್ಲ.

ಐದಕ್ಕೆ ಇನ್ನು ಸ್ವಲ್ಪವೇ ಹೊತ್ತಿತ್ತು. ಲಾಲಪ್ಪನ ಫೋನು ಹಿಡಿದು ವಿಶಾಖಾ ಒಳಕೋಣೆಗೆ ಹೋಗಿ ನೋಡಿದಳು. ಕಲ್ಲುಗೋಡೆ ಹೊಸ ಡಬ್ಬಿಗೂ ಮರ್ಯಾದೆ ಕೊಡಲಿಲ್ಲ, ಒಂದು ಗೆರೆಯೂ ಬರಲಿಲ್ಲ. ಪಡಸಾಲೆಯಲ್ಲಿ ಡಬ್ಬಿಯ ಮಗ್ಗುಲಿಗೆ ಕೂರೋಣವೆಂದರೆ ಅಲ್ಲಿ ಸಂತೆ. ಬಸಿಗಳ ಸಪ್ಪಳ, ವಿಷ ಕುಡಿದಳೋ ಇಲ್ಲವೋ ಎಂಬ ಚರ್ಚೆ. ಹುಡುಗಿಯ ಮುಖ ಬಿಳಿಚಿತು. ಆಗ ಖಮರುದ್ದೀನ್ ತಲೆ ತಗ್ಗಿಸಿಕೊಂಡೇ ಹೇಳಿದ:

"ಬೇಟಿ, ನಮ್ಮ ಮನಿ ಖಾಲಿ ಅದ. ನಾವೆಲ್ಲ ಇಲ್ಲೇ ಕುಂತೀವಲ್ಲ. ಹೋಗು, ಬಾಗಲಾ ಹಾಕ್ಕೊಂಡು ಕೂಡು. ಅಲ್ಲಿ ನಿಮ್ಮ ನೆಟ್ ಭಾಳ ಛಲೋ ಬರ್ತದ. ಮೂರು ವರ್ಷ ನೋಡೀನಿ."

ವಿಶಾಖಾ ಸಂದರ್ಶನದ ಕೊಂಡಿ ಇದ್ದ ತನ್ನ ಫೋನು ಎತ್ತಿಕೊಂಡು ಓಣಿ ದಾಟಿ ಓಡಿದಳು, ಮೀರಾಬಾಯಿ ಅವಳ ಪುಸ್ತಕ ಹಿಡಿದು ಹಿಂದೆ ಓಡಿದಳು. ಲಾಲಪ್ಪ, ಪಾಸ್‌ವರ್ಡ್ ಹಾಕಿಕೊಡಲು ತಾನೂ ಬಂದೆ ಎಂದು ಚಪ್ಪಲಿ ಮೆಟ್ಟಿದ. ಅವನಿಗೆ ಜಾಗ ಬಿಡಲು ಯಶೋದಾಬಾಯಿ ಕಾಲು ಮಡಿಚಿದಳು. ಕಾಲಿಗೆ ತಂತಿ ಸುತ್ತಿತ್ತು. ಕಿಟಕಿಯ ಕೆಳಗಿನ ಪ್ಲಗ್ಗು ಜೋತುಬಿತ್ತು, ಹಸಿರು ದೀಪ ಆರಿತು.

ಲಾಲಪ್ಪ ನುಗ್ಗಿ ಪ್ಲಗ್ಗನ್ನು ಒತ್ತಿ ಹಿಡಿದ, ದೀಪ ಹೊತ್ತಿತು. ಕೈ ಬಿಟ್ಟ, ಆರಿತು. ಮನೆಯಷ್ಟೇ ವಯಸ್ಸಾದ ಸಾಕೆಟ್ಟು, ಅದರ ಹಲ್ಲು ಸಡಿಲಾಗಿತ್ತು. ಖಮರುದ್ದೀನ್ ಹಿಡಿಯಲು ಬಂದು, ಒಂದು ಕಿಡಿ ಹಾರಿದ್ದಕ್ಕೆ ಕೈ ಹಿಂದೆಗೆದುಕೊಂಡು ಅಲ್ಲಾಹನನ್ನು ನೆನೆದ. ಲಾಲಪ್ಪ ಒಂದು ಕೈಯಲ್ಲಿ ಪ್ಲಗ್ಗು ಒತ್ತಿಕೊಂಡು, ಕಿಟಕಿಗೆ ಮುಖ ಕೊಟ್ಟು, ಡಬ್ಬಿಯ ಪಕ್ಕದಲ್ಲಿ ಮೂರನೆಯ ಕೊಂಬಿನ ಹಾಗೆ ನಿಂತ.

ಎದುರು ಮನೆಯ ಕಿಟಕಿಯಲ್ಲಿ ವಿಶಾಖಾಳ ಮುಖ ಕಂಡಿತು.

"ಅಪ್ಪಾ, ಸಿಗ್ನಲ್ ತುಂಬಿ ಬರಾಕತ್ತದ. ಪಾಸ್‌ವರ್ಡ್ ಹೇಳ್ರಿ, ಜಲ್ದಿ."

ಲಾಲಪ್ಪ ಹಿಂದೆ ತಿರುಗಿ ನೋಡಿದ. ಇಡೀ ಓಣಿ ಅವನ ಪಡಸಾಲೆಯಲ್ಲಿ, ಕೈಯಲ್ಲಿ ಫೋನು, ಕಿವಿ ಅವನ ಕಡೆ. ಪಾಸ್‌ವರ್ಡ್ ಬಾಯಿಂದ ಬಂದರೆ ಪ್ರತಿಜ್ಞೆ ಹೋಯಿತು. ಪ್ರತಿಜ್ಞೆ ಹೋದರೆ ಹೋಗಲಿ, ಅಂಥವು ಎಷ್ಟೋ ಹೋಗಿವೆ. ಆದರೆ ಆ ಪಾಸ್‌ವರ್ಡು. ಬೇರೆ ಯಾವುದಾದರೂ ಇಟ್ಟಿರಬಾರದಿತ್ತೇ?

"ಅಪ್ಪಾ, ಅವ್ರು ಬಂದ್ರು. ಹೇಳ್ರಿ."

ಲಾಲಪ್ಪ ಕಣ್ಣು ಮುಚ್ಚಿದ.

"ಲಾಲಪ್ಪ" ಎಂದ.

"ಮುಂದ?"

"ಹೇಳೂದು."

"ಹೇಳೂದು, ಮುಂದ?"

"ಎಲ್ಲಾ."

ನಾಲ್ಕನೆಯ ಮಾತನ್ನು ಅವನು ಪಿಸುಗುಟ್ಟಿ ನೋಡಿದ. ಜೀವನದಲ್ಲಿ ಮೊದಲ ಸಲ ಅವನ ಪಿಸುಮಾತು ಓಣಿ ದಾಟಲಿಲ್ಲ. ವಿಶಾಖಾ ಕಿವಿಗೆ ಕೈ ಹಚ್ಚಿ ಕೇಳಿಸಲಿಲ್ಲವೆಂದು ಸನ್ನೆ ಮಾಡಿದಳು. ಆ ಕಣ್ಣಿನಲ್ಲಿ ನೀರು ತುಂಬಿತ್ತು. ಲಾಲಪ್ಪ ಉಸಿರೆಳೆದುಕೊಂಡು, ಸಂಜೆಯ ಗಂಟೆ ಹೊಡೆದ ಹಾಗೆ ಹೊಡೆದ:

"ಸುಳ್ಳು. ಲಾಲಪ್ಪ ಹೇಳೂದು ಎಲ್ಲಾ ಸುಳ್ಳು."

ಮೋರಖಂಡಿಯ ಎತ್ತುಗಳು ನೊಗ ಇಳಿಸಿದವೋ ಇಲ್ಲವೋ, ಎದುರು ಮನೆಯ ಕಿಟಕಿ ಮುಚ್ಚಿಕೊಂಡಿತು. ಅಷ್ಟರಲ್ಲಿ ಮಗಳ ಮುಖದಲ್ಲಿ ಬೆಳಕು ಹೊತ್ತಿದ್ದನ್ನು ಅವನು ಕಂಡಿದ್ದ. ಪಡಸಾಲೆಯಲ್ಲಿ ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತೆಂದು ಅವನಿಗೆ ಅನ್ನಿಸಿತು. ಎಲ್ಲರೂ ತಲೆ ಬಗ್ಗಿಸಿ ಕುಳಿತಿದ್ದರು. ಪಶ್ಚಾತ್ತಾಪ ಇರಬೇಕೆಂದು ಅವನ ಕರುಳು ಕರಗುವಷ್ಟರಲ್ಲಿ ಒಂದು ಫೋನಿನಲ್ಲಿ ಪೈಲ್ವಾನ ದಪ್ಪನೆ ಕೆಳಗೆ ಬಿದ್ದ. ಎಲ್ಲರೂ ಆ ನಾಲ್ಕು ಮಾತನ್ನು ಬರೆದುಕೊಳ್ಳುತ್ತಿದ್ದರು.

"ಬಂದ್ ಮಾಡ್ರಿ" ಎಂದಳು ಸರ್ವರಿ. ಅವಳ ದನಿಯನ್ನು ಆ ಪಡಸಾಲೆಯಲ್ಲಿ ಅಷ್ಟು ಗಟ್ಟಿಯಾಗಿ ಯಾರೂ ಕೇಳಿರಲಿಲ್ಲ. "ಹುಡುಗಿ ಬರೂತನಕ ಯಾರೂ ಹಚ್ಚಬ್ಯಾಡ್ರಿ."

ಪೈಲ್ವಾನ ಮಾಯವಾದ. ಒಂದೊಂದೇ ಫೋನು ಚಾಪೆಯ ಮೇಲೆ ಬೋರಲು ಬಿದ್ದವು. ಓಣಿಯ ಜನ ಬಾಯಿ ಮುಚ್ಚಿ, ಕೈಕಟ್ಟಿ, ಒಂದು ಸದ್ದಿಲ್ಲದೆ ಅರ್ಧ ತಾಸು ಕುಳಿತದ್ದು ಅದೇ ಮೊದಲು. ಲಾಲಪ್ಪ ಪ್ಲಗ್ಗು ಹಿಡಿದೇ ನಿಂತಿದ್ದ. ಕೈ ಮರಗಟ್ಟಿತು. ಇಷ್ಟು ವರ್ಷ ಅವನು ಎಷ್ಟು ಕೂಗಿದರೂ ಓಣಿ ಹೀಗೆ ಅವನ ಕಡೆ ನೋಡಿರಲಿಲ್ಲ.

ವಿಶಾಖಾ ನಗುತ್ತ ಬಂದಳು. ಎಲ್ಲ ಪ್ರಶ್ನೆಗೂ ಉತ್ತರ ಹೇಳಿದಳಂತೆ. ಸೋಮವಾರ ಕಾಗದಪತ್ರ ತೆಗೆದುಕೊಂಡು ಬರಲು ಹೇಳಿದರಂತೆ. ಓಣಿಯೆಲ್ಲ ಒಮ್ಮೆಲೇ ಮಾತಾಡಿತು. ಖಮರುದ್ದೀನ್ ಎದ್ದು ಕೊರಳ ಪಟ್ಟಿ ಸರಿಮಾಡಿಕೊಂಡು, ಎಷ್ಟೆಂದರೂ ತನ್ನ ಮನೆಯ ಗಾಳಿ ಒಳ್ಳೆಯದು, ಅಲ್ಲಿ ಕುಳಿತದ್ದಕ್ಕೇ ಹುಡುಗಿಯ ಕೆಲಸವಾಯಿತು ಎಂದು ಮೆಲ್ಲಗೆ ಶುರು ಮಾಡಿದ. ಅದು ಸುಳ್ಳೆಂದು ಹೇಳಲು ಲಾಲಪ್ಪ ಬಾಯಿ ತೆರೆದ. ಆದರೆ ಇನ್ನು ಅವನ ಮಾತನ್ನು ನಂಬುವವರು ಯಾರು? ಬಾಯಿ ಮುಚ್ಚಿದ. ಡಬ್ಬಿ ಹೊಸದು, ಓಣಿ ಹಳೆಯದು. ರಾತ್ರಿಯಾಗುವ ಮೊದಲೇ ಅವನ ಮನೆಯ ಎಮ್ಮೆ ಮತ್ತೆ ಕೆಸರಿನಲ್ಲಿ ಮಲಗಿತು.

ಮಾರನೆಯ ಬೆಳಿಗ್ಗೆ ಯಶೋದಾಬಾಯಿ ಬಂದಳು. ಒಂದು ಕೈಯಲ್ಲಿ ಹೆಪ್ಪಿನ ಬಟ್ಟಲು, ಇನ್ನೊಂದರಲ್ಲಿ ಫೋನು. ನಿನ್ನೆ ಗದ್ದಲದಲ್ಲಿ ಅವಳಿಗೆ ಬರೆದುಕೊಳ್ಳಲು ಆಗಿರಲಿಲ್ಲ.

"ಲಾಲಪ್ಪಾ, ನಿನ್ನಿ ಒದರಿದೆಲ್ಲಪ್ಪಾ, ಅದನ್ನ ಇನ್ನೊಮ್ಮೆ ಸಾವಕಾಶ ಹೇಳು."

ಲಾಲಪ್ಪ ಸಾವಕಾಶವಾಗಿ ಹೇಳಿದ. ಎರಡನೆಯ ಸಲ ಅಷ್ಟು ಕಷ್ಟವಾಗಲಿಲ್ಲ. ಅವಳು ಒತ್ತಿ ಮುಗಿಸಿ, ಸೊಸೆ ವಿಷ ಕುಡಿಯಲಿಲ್ಲವೆಂದು ನೋಡಿ ಸಮಾಧಾನಪಟ್ಟು, ಹೊರಡಲು ಹೆಜ್ಜೆ ಎತ್ತಿದವಳು ತಿರುಗಿ ನಿಂತಳು.

"ಮತ್ತ ಆ ಗಿಳಿ?"

ಲಾಲಪ್ಪ ಕಿಟಕಿಯ ಆಚೆ ನೋಡಿದ. ಬೆಳಗಿನ ಬಿಸಿಲಿನಲ್ಲಿ ಹಸಿರು ದೀಪ ಕಾಣುತ್ತಿರಲಿಲ್ಲ.

"ಗಿಳಿ ಅಲ್ಲ ಆಯಿ, ಕಾಗಿ. ಹುಮನಾಬಾದಿಗೆ ಹೋಗಲಿಲ್ಲ. ನಿಮ್ಮ ಮಾಳಗಿ ಮ್ಯಾಲ ಕುಂತಿತ್ತು."